ಸಂಗಣ್ಣನ ಕೈಗವಸು

೧೪ ಡಿಸೆಂಬರ್ ೨೦೦೪, ಲಿಂಗಂಪಲ್ಲಿ

ರಾತ್ರಿ ಎರಡೂಕಾಲು. ಮಗಳು ಪೂರ್ವಿಯ ಕೆಮ್ಮಿಗೆ ಎಚ್ಚರವಾಯಿತು. ಅವಳಿಗೆ ಹಾಲು ಕುಡಿಸುತ್ತ, ನಿನ್ನೆ ಕುಷಾಯಿಗೂಡದ ನಮ್ಮ ಕಟ್ಟಿಗೆ ಡಿಪೊಗೆ ಬಂದ ಯಂತ್ರದ ಪುಸ್ತಕ ತಿರುವಿದೆ. ಟ್ರಾಕ್ಟರ್ ಬಲದಿಂದ ತಿರುಗಿ ದಿಮ್ಮಿ ಸೀಳುವ ಆ ತಿರುಪಿನ ಹತ್ತಿರ ಕೈಗವಸು ಹಾಕಲೇಬಾರದಂತೆ. ಒಂದು ಎಳೆ ಸಿಕ್ಕಿದರೂ ಕೈಯನ್ನೇ ಸುತ್ತಿಕೊಳ್ಳುತ್ತದಂತೆ.

ನಿನ್ನೆ ಸಂಗಣ್ಣನಿಗೆ ಕೈಗವಸು ಕೊಟ್ಟವಳೇ ನಾನು.

"ತಿರಗೂ ಮಿಷಿನ್ ಮುಂದ ಇವು ಬ್ಯಾಡ್ರಿ ಅಕ್ಕಾರ, ಎಳಕೊಂತೈತಿ," ಅಂದ ಕೂಲಿಯ ಸಂಗಣ್ಣ.

"ಓದಿದವಳು ನಾನೋ ನೀನೋ? ಹಾಕದಿದ್ದರೆ ಕೆಲಸಕ್ಕೇ ಬರಬೇಡ," ಎಂದೆ, ಅವನ ಹೆಂಡತಿ ಗದಿಗೆಮ್ಮನ ಎದುರಿಗೇ. ಉಳಿದವರು ನಕ್ಕರು. ಅವನು ತಲೆ ತಗ್ಗಿಸಿ ಹಾಕಿಕೊಂಡ. ನನಗೆ ಖುಷಿಯಾಯಿತು, ಅದನ್ನೂ ಬರೆದಿಡಬೇಕು.

ಪಕ್ಕದಲ್ಲಿದ್ದ ಇವರನ್ನು ಎಬ್ಬಿಸಿ ಹೇಳಿದೆ. "ಅವನಿಗೆ ಎರಡು ಕೈ ಇದೆಯಲ್ಲ, ಮಲಗೇ," ಎಂದು ಮಗ್ಗುಲಾದರು.

ಬೆಳಿಗ್ಗೆ ಆರಕ್ಕೆ ಯಂತ್ರ ಮೊದಲ ಸಲ ಶುರು. ಡಿಪೊ ಊರಿನ ಆ ತುದಿಯಲ್ಲಿದೆ, ಕೆಮ್ಮುವ ಮಗುವನ್ನು ಬಿಟ್ಟು ಈ ಹೊತ್ತಿನಲ್ಲಿ ಹೋಗಲಾರೆ. ಡಿಪೊ ಕಾವಲಿನ ಹಂಪಯ್ಯನ ಮೊಬೈಲಿಗೆ ಹತ್ತು ಸಲ ಮಾಡಿದೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಹಂಪಯ್ಯಾ, ಎದ್ದು ಫೋನ್ ನೋಡಪ್ಪಾ. ಬೆಳಗಾಗುವ ಮೊದಲು ಒಂದು ಸಲ ಮಾಡು. ಕೈಗವಸು ಬಿಚ್ಚೋ ಅಂತ ಸಂಗಣ್ಣನಿಗೆ ನಾನೇ ಹೇಳುತ್ತೇನೆ, ತಪ್ಪು ನನ್ನದು ಅಂತ ಎಲ್ಲರ ಮುಂದೆಯೂ ಹೇಳುತ್ತೇನೆ, ದಯವಿಟ್ಟು ಒಂದೇ ಒಂದು ಸಲ