ಎರಡು ಸಲ ತಟ್ಟಿದರೆ

ನವೆಂಬರ್ ೧೧, ಮಂಗಳವಾರ

ಆ ಸದ್ದು ಇನ್ನೂ ಕಿವಿಯಿಂದ ಹೋಗಿಲ್ಲ.

ದೋಣಿಗಳ ತಂಗುಕಟ್ಟೆ ಮರೀನಾದಲ್ಲಿ ನಿಂತಿರುವ ನಮ್ಮ ದೋಣಿಯ ಹಳೆಯ ಎಂಜಿನ್ ಎರಡನ್ನೂ ಇವತ್ತು ಕ್ರೇನ್ ಎತ್ತಿಕೊಂಡು ಹೋಯಿತು. ಮಾವ ಅವನ್ನು ಅಕ್ಕ-ತಂಗಿ ಎನ್ನುತ್ತಿದ್ದರು. ಭಾರ ಇಳಿದದ್ದೇ ದೋಣಿ ಗೇಣುದ್ದ ಮೇಲೆದ್ದಿತು. ಇಷ್ಟು ದಿನ ಮುಳುಗಿದ್ದ ಪಾಚಿಯ ಪಟ್ಟಿ ಈಗ ಕಾಣುತ್ತಿದೆ. "ಹೆತ್ತವಳ ಹಾಗೆ ಹಗುರಾಗಿದಾಳೆ ನೋಡು," ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ.

ಮಾವ ಕೆಳಗೆ ಎಂಜಿನ್ ಗೂಡಿನಲ್ಲಿ ಕೆಲಸ ಮಾಡುತ್ತಿದ್ದರೆ ಮೇಲೆ ಕೀಲಿ ಹಿಡಿದು ನಿಲ್ಲುತ್ತಿದ್ದವಳು ನಾನು. ನಡುವೆ ಗೂಡಿನ ದಪ್ಪ ಮುಚ್ಚಳ, ಮಾತು ಕೇಳಿಸದು. ಅದಕ್ಕೇ ನಮ್ಮದೊಂದು ಒಪ್ಪಂದವಿತ್ತು. ನಾನು ಹಿಮ್ಮಡಿಯಿಂದ ಒಮ್ಮೆ ತಟ್ಟಿದರೆ 'ಶುರು ಮಾಡಲಾ?' ಎಂದು. ಅವರು ಒಮ್ಮೆ ತಟ್ಟಿದರೆ 'ಮಾಡು'. ಎರಡು ಸಲ ತಟ್ಟಿದರೆ 'ತಡಿಯಮ್ಮ, ಕೈ ಒಳಗಿದೆ'. ಮಾವನ ನೆತ್ತಿಯ ಮೇಲೆ ಸೊಸೆಯ ಕಾಲು ಎಂದು ಅತ್ತೆ ಗೊಣಗುತ್ತಿದ್ದರು.

ಮಾವ ಹೋಗಿ ವರ್ಷವಾಯಿತು. ಇವತ್ತು ಖಾಲಿ ಗೂಡಿಗೆ ಮುಚ್ಚಳ ಹಾಕಿದ ಮೇಲೆ ಅಭ್ಯಾಸಬಲದಿಂದ ಒಮ್ಮೆ ತಟ್ಟಿದೆ.

ಕೆಳಗಿನಿಂದ ಎರಡು ಸಲ ಕೇಳಿಸಿತು.

ಎಂಜಿನ್ ಬಿಚ್ಚಲು ಬಂದಿದ್ದ ಮೆಕ್ಯಾನಿಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟ. ಬರೀ ಎಣ್ಣೆಯ ಕಲೆ. "ಖಾಲಿ ಡಬ್ಬ ಅಲ್ವಾ ಅಕ್ಕಾ, ಸದ್ದು ಜಾಸ್ತಿನೇ," ಎಂದ. ಅಂದರೆ ಅವನಿಗೂ ಕೇಳಿಸಿತ್ತು! ಸ್ಪ್ಯಾನರುಗಳನ್ನು ಅಲ್ಲೇ ಬಿಟ್ಟು ಹೊರಟುಹೋದ. ಇವರಿಗೆ ಹೇಳಿದರೆ, "ಸುಸ್ತಾಗಿದೀಯ ಕಣೇ, ಮಲಕೋ."

ನಾಳೆ ಹೊಸ ಎಂಜಿನ್‌ಗಳು ಬರುತ್ತವೆ. ಕೂರಿಸಿದ ಮೇಲೆ ಕೀಲಿ ತಿರುಗಿಸಬೇಕಾದವಳು ನಾನೇ. ತಟ್ಟದೆ ತಿರುಗಿಸಲು ಮನಸ್ಸು ಬಾರದು. ತಟ್ಟಿದ ಮೇಲೆ ಮತ್ತೆ ಎರಡೇ ಕೇಳಿಸಿದರೆ...

ಮಾವಾ, ಕೈ ತೆಗೆದುಬಿಡಿ.