ದೂರು ಬಾರದ ಮಷೀನು

ಬುಧವಾರ, ಮಧ್ಯಾಹ್ನ

ಅಮ್ಮಾ,

ನೀನು ಚೆನ್ನಾಗಿದ್ದೀಯ ಎಂದುಕೊಂಡೇ ಶುರು ಮಾಡುತ್ತೇನೆ. ಮಂಡಿನೋವಿನ ಮಾತ್ರೆ ಇನ್ನೂ ನಿನ್ನ ಮೇಜಿನ ಡ್ರಾಯರಿನಲ್ಲೇ ಕೂತಿದೆ ಎಂಬುದೂ ಗೊತ್ತು. ಅದಕ್ಕೆ ಬೈಯಲು ಇವತ್ತು ಪುರುಸೊತ್ತಿಲ್ಲ.

ನನ್ನ ಯೋಜನೆಯನ್ನು ನೀನು ತಿದ್ದಿ ವಾಪಸ್ಸು ಕಳಿಸಿದ್ದು ಇಲ್ಲಿ ಲಾಂಡ್ರಿಗೆ ಬಂದು ತಲುಪಿತು. ನಮ್ಮ ಕಾರ್ಖಾನೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಮಷೀನು ಮಾಡುವುದು, ಮಾರುವುದು, ಆಮೇಲೆ ಕೈತೊಳೆದುಕೊಳ್ಳುವುದು, ಇದನ್ನು ಬಿಡೋಣ ಎಂದಿದ್ದೆ. ಮಷೀನು ನಮ್ಮದಾಗಿಯೇ ಉಳಿಯಲಿ, ಆಸ್ಪತ್ರೆ, ಲಾಂಡ್ರಿಗಳವರು ಒಗೆದಷ್ಟು ಬಟ್ಟೆಗೆ ಮಾತ್ರ ಕೊಡಲಿ, ಅದು ಸರಿಯಾಗಿ ಓಡುವಂತೆ ನೋಡಿಕೊಳ್ಳುವ ಹೊಣೆ ನಮ್ಮ ತಲೆಯ ಮೇಲಿರಲಿ ಎಂದಿದ್ದೆ. ನೀನು ಇಷ್ಟು ಬೇಗ ಒಪ್ಪುತ್ತೀಯ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಒಂದು ಸಾಲನ್ನು ಮಾತ್ರ ಹೊಡೆದು ಹಾಕಿದ್ದೀಯ. ಮಷೀನು ಕೂರಿಸಿದ ಮೇಲೆ ನಮ್ಮವರು ಒಬ್ಬರು ಖುದ್ದಾಗಿ ಹೋಗಿ, ಪಕ್ಕದಲ್ಲಿ ನಿಂತು, ಅದು ಓಡುವುದನ್ನು ನೋಡಿಯೇ ಬರಬೇಕು ಎಂಬ ಸಾಲು ಅದು. ಅಂಚಿನಲ್ಲಿ ನಿನ್ನ ಗುಂಡು ಅಕ್ಷರದಲ್ಲಿ, ಫೋನ್ ಮಾಡಿ ಕೇಳಿದರೆ ಸಾಕು, ದೂರು ಇದ್ದವರು ತಾವೇ ಹೇಳುತ್ತಾರೆ ಎಂದು ಬರೆದಿದ್ದೀಯ.

ಆ ಸಾಲು ನನಗೆ ಬೇಕು ಅಮ್ಮಾ. ಹಟ ಅಂದರೆ ಹಟವೇ ಅಂದುಕೋ. ಅದಕ್ಕೆ ನೀನು ಏನು ಹೇಳುತ್ತೀಯೋ ಅದರ ಮೇಲೆ ನಾನು ಇನ್ನು ಎಲ್ಲಿ ಇರಬೇಕು ಎಂಬುದು ನಿಂತಿದೆ.

ಈ ಲಾಂಡ್ರಿಯನ್ನು ನಡೆಸುವವರು ಒಬ್ಬ ವಿಧವೆ, ನನಗಿಂತ ಹತ್ತಾರು ವರ್ಷ ದೊಡ್ಡವರು. ಎಲ್ಲರೂ ಅಕ್ಕ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ನಮ್ಮ ಮಷೀನು ತೆಗೆದುಕೊಂಡು ಎರಡು ವರ್ಷ ಆಯಿತು. ನಮ್ಮ ಆಫೀಸಿನಲ್ಲಿ ಇವರ ಹೆಸರು ಹೇಳಿದರೆ ಸಾಕು, ಒಂದು ದಿನವೂ ಗೊಣಗದ ಗಿರಾಕಿ ಎಂದು ಎಲ್ಲರೂ ಹೊಗಳುತ್ತಾರೆ. ಯೋಜನೆಯ ಕೆಲಸಕ್ಕೆಂದು ನಾನು ಬಂದ ದಿನ ಮಷೀನು ಹಾಕಿದರು ನೋಡು, ಕಪಾಟಿನ ಗಾಜು ನಡುಗಿತು. ಅದು ಜಾಗ ಬಿಟ್ಟು ಕದಲದಿರಲಿ ಎಂದು ಕಾಲ ಕೆಳಗೆ ಹಳೆಯ ಟವೆಲ್ ಮಡಿಸಿ ಇಟ್ಟಿದ್ದರು. ಅರ್ಧಕ್ಕಿಂತ ಹೆಚ್ಚು ಬಟ್ಟೆ ತುಂಬುತ್ತಲೇ ಇರಲಿಲ್ಲ.

ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ. ದಾರಿಯಲ್ಲಿ ಒಳಗಿನ ಡ್ರಮ್ಮು ಅಲ್ಲಾಡದಿರಲಿ ಎಂದು ನಾವು ಬಿಗಿದು ಕಳಿಸುತ್ತೇವಲ್ಲ, ಆ ಕೆಂಪು ಬೋಲ್ಟುಗಳು ನಾಲ್ಕೂ ಹಾಗೇ ಇದ್ದವು. ಕೂರಿಸಿದ ಕೂಡಲೇ ಬಿಚ್ಚಬೇಕು ಎಂದು ನಮ್ಮವರು ಯಾರೂ ಹೇಳಿಲ್ಲ. ಬಾಗಿಲಲ್ಲಿ ಇಳಿಸಿ ಸಹಿ ಹಾಕಿಸಿಕೊಂಡು ಹೊರಟುಬಿಟ್ಟಿದ್ದಾರೆ. ನಾನೇ ಸ್ಪ್ಯಾನರ್ ತಂದು ಬಿಚ್ಚಿದೆ. ಮತ್ತೆ ಹಾಕಿದಾಗ ಓಡುತ್ತಿದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ ತಿರುಗಿತು.

ಅಕ್ಕ ಅದರ ಮೇಲೆ ಕೈ ಇಟ್ಟು ನೋಡಿದರು. ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ. ಎಲ್ಲಾ ಮಷೀನೂ ಹೀಗೇ ಇರುತ್ತೇನೋ ಅಂದ್ಕೊಂಡೆ, ಆಮೇಲೆ ನನ್ನ ಕೈಗುಣಾನೇ ಸರಿಯಿಲ್ಲ ಅನ್ನಿಸ್ತು, ಹೇಳಿದ್ರೆ ನಗ್ತಾರೆ ಅಂತ ಸುಮ್ನಾದೆ ಅಂದರು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಒದ್ದೆ ಬಟ್ಟೆಯ ಬುಟ್ಟಿಗಳ ನಡುವೆ ಕೂತು ಅತ್ತೆ. ಅವರು ಕಾರಣ ಕೇಳಲಿಲ್ಲ, ಮಹಡಿಯ ಕೋಣೆಯ ಬೀಗದ ಕೈ ತಂದು ನನ್ನ ಕೈಯಲ್ಲಿಟ್ಟರು.

ಅಂದಿನಿಂದ ಅಲ್ಲೇ ಇದ್ದೇನೆ. ಕೆಲಸ ಮುಗಿದಿಲ್ಲ ಎಂದು ನಿನಗೆ ಹೇಳುತ್ತಾ ಬಂದೆ. ಕೆಲಸ ಮುಗಿದು ಎಷ್ಟೋ ದಿನವಾಯಿತು. ನಾನು ನಿನ್ನ ಅಳಿಯನ ಮನೆಗೆ ಇನ್ನು ಹೋಗುವುದಿಲ್ಲ.

ನನ್ನ ಎಡಗಿವಿಗೆ ಈಗ ಸರಿಯಾಗಿ ಕೇಳಿಸುವುದಿಲ್ಲ. ಅದು ಹೇಗಾಯಿತು ಎಂದು ಕಾಗದದಲ್ಲಿ ಬರೆಯಲಾರೆ, ನೀನು ಎದುರಿಗೆ ಬಂದರೆ ಹೇಳುತ್ತೇನೆ. ಮೊದಮೊದಲು ಎಲ್ಲರ ಮನೆಯಲ್ಲೂ ಹೀಗೇ ಇರಬಹುದು ಎಂದುಕೊಂಡೆ. ಆಮೇಲೆ ನನ್ನಲ್ಲೇ ಏನೋ ಕೊರತೆ ಎಂದುಕೊಂಡೆ. ಮಾತು ಹೊರಗೆ ಹೋದರೆ ನಿನ್ನ ತಲೆ ತಗ್ಗುತ್ತದೆ ಎಂದು ಹೆದರಿ ಸುಮ್ಮನಾದೆ. ಕಾರ್ಖಾನೆಯ ಕೆಲಸ ಅಂದಾಗ ಮಾತ್ರ ಅವರು ನನ್ನನ್ನು ಹೊರಗೆ ಬಿಡುತ್ತಿದ್ದರು, ಅತ್ತೆಯದೆಲ್ಲ ನಾಳೆ ತಮ್ಮದೇ ತಾನೆ ಎಂಬ ಲೆಕ್ಕ ಅವರದು.

ಲಾರಿ ಗೇಟು ದಾಟಿದ ಮೇಲೆ ನೀನು ತಿರುಗಿ ನೋಡುವವಳಲ್ಲ. ಹೋದದ್ದು ಅವರದಾಯಿತು, ಇನ್ನು ನಮ್ಮ ಮಾತು ಅದರಲ್ಲಿ ಬೇಡ ಅನ್ನುತ್ತೀಯ. ಮದುವೆ ಮಾಡಿ ನನ್ನನ್ನು ಕಾರು ಹತ್ತಿಸಿದ ದಿನವೂ ನೀನು ಅಕ್ಕಪಕ್ಕದವರ ಎದುರಿಗೆ ಅದೇ ಮಾತು ಹೇಳಿ ನಕ್ಕೆ, ಎಲ್ಲರೂ ನಕ್ಕರು. ನಿನ್ನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಸಿಟ್ಟು ಇದೆ, ಅದರ ಜೊತೆಗೇ ನಿನ್ನ ಮಡಿಲಲ್ಲಿ ತಲೆಯಿಟ್ಟು ಮಲಗಬೇಕು ಅನ್ನಿಸುತ್ತದೆ. ಬಂದು ಕರೆದುಕೊಂಡು ಹೋಗುತ್ತೀಯಾ? ಬೇಡ ಅನ್ನುವುದಾದರೆ ಅದನ್ನೂ ಬರೆದು ತಿಳಿಸು, ಅಕ್ಕ ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದಿದ್ದಾರೆ. ನಿನ್ನ ಅಳಿಯ ನನ್ನ ವಿಳಾಸ ಕೇಳಿದರೆ ಮಾತ್ರ ದಯವಿಟ್ಟು ಕೊಡಬೇಡ.

ನಿನ್ನ ದಾರಿ ಕಾಯುತ್ತಿರುವ,
ನಿನ್ನ ಬಾಯಿಬಡುಕಿ

ಮರೆತಿದ್ದೆ: ಫೋನ್ ಸಾಕು ಎಂದು ನೀನು ಬರೆದದ್ದಕ್ಕೆ ಉತ್ತರ ಕೊಡಲಿಲ್ಲ. ಭಾನುವಾರ ಫೋನ್ ಮಾಡಿ, ಎಲ್ಲಾ ಚೆನ್ನಾಗಿದೆ ತಾನೆ ಎಂದು ನೀನು ತಪ್ಪದೆ ಕೇಳುತ್ತಿದ್ದೆ. ಆಗೆಲ್ಲ ಫೋನು ನಿನ್ನ ಅಳಿಯನ ಕೈಯಲ್ಲಿರುತ್ತಿತ್ತು, ನಿನ್ನ ಮಾತು ಕೋಣೆಗೆಲ್ಲ ಕೇಳಿಸುತ್ತಿತ್ತು. ನಾನು ಅವರ ಮುಖ ನೋಡಿಕೊಂಡು ಹ್ಞೂಂ ಅನ್ನುತ್ತಿದ್ದೆ. ಒಂದೇ ಒಂದು ಸಲ, ಹೇಳದೆ ಕೇಳದೆ ನೀನು ಬಂದಿದ್ದರೆ, ಬಾಗಿಲಿಗೆ ಹೊರಗಿನಿಂದ ಹಾಕಿದ ಬೀಗ ನಿನ್ನ ಕಣ್ಣಿಗೇ ಬೀಳುತ್ತಿತ್ತು.