ನೆಂದ ಕಾಳು ಕಾಯಲ್ಲ

ಡಿಸೆಂಬರ್ 11

ಇವತ್ತೂ ಏನೂ ಆಗಲಿಲ್ಲ. ಪೆನ್ಸಿಲ್ ಮೂರು ಸಲ ಚೂಪು ಮಾಡಿದೆ. ಕಾಫಿ ಎರಡು ಸಲ. ಶಿಡ್ಲಘಟ್ಟದ ಮಕ್ಕಳಿಗೆ ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದ ಮೇಷ್ಟ್ರು — ರಿಟೈರ್ ಆಗಿ ನಾಲ್ಕು ವರ್ಷ, ಒಂದೂ ಚಿತ್ರವಿಲ್ಲ. ಚಿಂತಾಮಣಿಯಿಂದ ಮಗಳು ಮೌನಿಕಾ ಮತ್ತೆ ಫೋನ್ ಮಾಡಿದಳು. "ಅಪ್ಪಾ, ಫೆಬ್ರವರಿ ಆರಕ್ಕೆ ಗೃಹಪ್ರವೇಶ. ಹಾಲ್‌ನಲ್ಲಿ ಅಮ್ಮನ ಚಿತ್ರ ಹಾಕ್ಬೇಕು, ನೀನೇ ಬರೆದಿದ್ದು. ಗೋಡೆ ಖಾಲಿ ಬಿಟ್ಟಿದೀನಿ." ಹೂಂ ಅಂದುಬಿಟ್ಟೆ. ಅವಳಿಗೆ ಇಲ್ಲ ಅನ್ನುವುದು ನನಗೆ ಬಂದಿದ್ದರೆ ತಾನೇ.

ಡಿಸೆಂಬರ್ 12

ರಾಧಾಮಣಿಗೆ ಹೇಳಿದೆ — ಮೂಡ್ ಬರ್ತಿಲ್ಲ ಕಣೇ, ಬೆಳಕೂ ಸರಿಯಿಲ್ಲ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಅಂದಳು ನನ್ನ ಹೆಂಡತಿ. ಸಾದಲಿಯಿಂದ ಅವಳಣ್ಣ ನಲ್ಲಪ್ಪ ವಾರಕ್ಕೊಂದು ಚೀಲ ಅವರೆಕಾಯಿ ಕಳಿಸುತ್ತಾನೆ. ಆ ಚೀಲ ತೋರಿಸಿ ಅಂದಳು: "ನೋಡ್ರೀ, ದಿನಾ ಹತ್ತು ಗಂಟೆಗೆ ಜಗಲಿ ಮೇಲೆ ಕೂತು ಕಾಳು ಹಿತುಕ್ತೀನಿ. ಬೇಸಿನ್ ಖಾಲಿ ಆಗೋ ತನಕ ಏಳಲ್ಲ. ಅಷ್ಟೊತ್ತು ಬರೀರಿ. ನಿಮ್ಮ ಮೂಡ್ ಬರ್ಲಿ ಬಿಡ್ಲಿ, ನೆಂದ ಕಾಳು ಕಾಯಲ್ಲ."

ಡಿಸೆಂಬರ್ 13

ಮುಖ ಬರೆದೆ. ಬಂದಿದ್ದು ಅವಳಲ್ಲ, ಅವಳ ಚಿಕ್ಕಮ್ಮ.

ಡಿಸೆಂಬರ್ 15

ಮುಖ ಬಿಟ್ಟೆ. ಅವಳು ಮಾತು ನಿಲ್ಲಿಸಿದರೆ ತಾನೇ ಮುಖ ನಿಲ್ಲುವುದು! ಕೈ ಮಾತ್ರ ಒಂದೇ ಜಾಗದಲ್ಲಿ. ಕೈ ಬರೆದೆ. ಕೆಟ್ಟದಾಗಿದೆ. ಡೇಟ್ ಹಾಕಿ ಇಟ್ಟೆ.

ಡಿಸೆಂಬರ್ 22

ಎಂಟು ಹಾಳೆ. ಒಂದಕ್ಕೂ ಜೀವವಿಲ್ಲ. ಬಲಗೈ ಹೆಬ್ಬೆರಳು ಪ್ರತಿ ಸಲ ಡೊಂಕಾಗಿ ಬರುತ್ತದೆ. ರಬ್ಬರ್ ಹಾಕಿ ನೇರ ಮಾಡುತ್ತೇನೆ. ಮಕ್ಕಳು ಹೀಗೆ ಬರೆದರೆ ಕೆಂಪು ಗುರುತು ಹಾಕುತ್ತಿದ್ದೆ.

ಜನವರಿ 3

ದಿನಚರಿಗೆ ರಜೆ ಕೊಟ್ಟಿದ್ದೆ, ಚಿತ್ರಕ್ಕಲ್ಲ. ಸಾರು, ಉಪ್ಪಿಟ್ಟು, ರೊಟ್ಟಿ — ಎಲ್ಲದರಲ್ಲೂ ಅವರೆ. ಇವತ್ತು ಬರೆಯಲು ಕೂರುವುದು ಬೇಡವೇ ಬೇಡ ಅನಿಸಿತ್ತು. ಜ್ವರ ಬಂದ ಹಾಗಿದೆ ಅಂದೆ. ಹಣೆ ಮುಟ್ಟಿ ನೋಡಿ, "ಕಳ್ಳ ಜ್ವರ, ಬನ್ರೀ" ಅಂದಳು. ಹೋದೆ. ಕೂತ ಮೇಲೆ ಕೈ ತಾನೇ ಓಡಿತು. ಸ್ಫೂರ್ತಿಯೂ ಅಲ್ಲ ಗೀರ್ತಿಯೂ ಅಲ್ಲ, ಬರೀ ಅಭ್ಯಾಸ. ಖುಷಿಯಾಯಿತು, ಅವಳಿಗೆ ಹೇಳಲಿಲ್ಲ. ಹೆಬ್ಬೆರಳು ಮಾತ್ರ ಮತ್ತೆ ಡೊಂಕು.

ಜನವರಿ 19

ಹಾಳೆಗಳನ್ನೆಲ್ಲ ಮಂಚದ ಮೇಲೆ ಹರಡಿದೆ. ಮೂವತ್ತೈದು. ಸಂಕ್ರಾಂತಿ ಒಂದು ದಿನ ತಪ್ಪಿದೆ, ಅಷ್ಟೆ. ರಬ್ಬರ್ ಹಾಕಿದ ಜಾಗ ಎಲ್ಲದರಲ್ಲೂ ಒಂದೇ, ಅದೇ ಗೆಣ್ಣು. ಮೂವತ್ತೈದು ದಿನ ಒಂದೇ ತಪ್ಪು ಮಾಡುವಷ್ಟು ದಡ್ಡನಲ್ಲ ನಾನು...

ಅಡುಗೆಮನೆಗೆ ಹೋಗಿ ಅವಳ ಕೈ ಹಿಡಿದೆ. ಗೆಣ್ಣು ಊದಿದೆ. ಬೆರಳು ಒಳಕ್ಕೆ ವಾಲಿದೆ. ಮುಟ್ಟಿದರೆ "ಸ್ಸ್" ಅಂದಳು.

"ಯಾವಾಗಿಂದನೇ?"

"ಎರಡು ವರ್ಷ ಆಯ್ತೇನೋ. ಚಳೀಲಿ ಜಾಸ್ತಿ."

"ಮತ್ತೆ ದಿನಾ ಹಿತುಕ್ತಿದ್ದೀಯಲ್ಲೇ!"

"ನಾನು ಎದ್ದಿದ್ರೆ ನೀವೂ ಏಳ್ತಿದ್ರಿ. ನಾಲ್ಕು ವರ್ಷ ಆದ್ಮೇಲೆ ಕೂತಿದ್ರಲ್ಲ. ಸಾಕು ಸುಮ್ನಿರಿ, ಕೈ ಬಿಡಿ, ಒಗ್ಗರಣೆ ಸೀದೋಗುತ್ತೆ."

ಅಯ್ಯೋ ಪುಣ್ಯಾತ್ಗಿತ್ತಿ. ಕಂಡಿದ್ದನ್ನು ಬರೆಯಿರಿ ಅಂತ ಊರ ಮಕ್ಕಳಿಗೆಲ್ಲ ಹೇಳಿದವನು, ಕಂಡಿದ್ದನ್ನೇ ಅಳಿಸುತ್ತ ಕೂತಿದ್ದೆ. ನಾಚಿಕೆಯಾಯಿತು. ಅಳುವೂ ಬಂತು.

ಜನವರಿ 24

ಡಾಕ್ಟರ್ ಸಂಧಿವಾತ ಅಂದರು. ಮಾತ್ರೆ, ಮುಲಾಮು, ಬಿಸಿನೀರು. ಕೈಗೆ ರೆಸ್ಟ್. ಅವಳ ಕೈ ಇನ್ನೊಂದು ಸಲ ಬರೆದೆ, ಹೆಬ್ಬೆರಳು ಇದ್ದ ಹಾಗೇ. ಮೌನಿಕಾಗೆ ಫೋಟೋ ಕಳಿಸಿದೆ — ಮುಖ ಆಗಲಿಲ್ಲ ಕಣಮ್ಮ, ಕೈ ಇದೆ. ಆಮೇಲೆ ಫೋನ್ ಮಾಡಿದಳು. "ಅಮ್ಮನೇ ಕಣಪ್ಪಾ. ಫ್ರೇಮ್ ಹಾಕ್ಸು."

ಜನವರಿ 25, ಬೆಳಿಗ್ಗೆ 10

ಕಾಳು ನಾನೇ ಹಿತುಕುತ್ತಿದ್ದೇನೆ. ಹತ್ತರಲ್ಲಿ ನಾಲ್ಕು ಗೋಡೆಗೆ ಹಾರುತ್ತವೆ. ಅವಳು ಎದುರಿಗೆ ಬಿಸಿನೀರಲ್ಲಿ ಕೈ ಇಟ್ಟುಕೊಂಡು ಕೂತಿದ್ದಾಳೆ. ಮಾತಿಲ್ಲ, ನಗುತ್ತಿದ್ದಾಳೆ. ಆ ಮುಖ — ಈಗ ಬರೆಯಬಲ್ಲೆ! ಖಂಡಿತ ಬರೆಯಬಲ್ಲೆ. ಕೈ ಒರೆಸಿಕೊಂಡು ಪೆನ್ಸಿಲ್ ಎತ್ತಿದೆ.

"ಮೊದ್ಲು ಬೇಸಿನ್ ಖಾಲಿ ಮಾಡ್ರೀ. ಮುಖ ಎಲ್ಲಿಗೂ ಹೋಗಲ್ಲ."

ಸರಿ ಮಹಾತಾಯಿ. ಇನ್ನು ಅರ್ಧ ಬೇಸಿನ್, ಆಮೇಲೆ —